ಮುಂದಿನ ತಿಂಗಳಿಂದ ಟೆಂಡರ್‌ಲಾಯಿನ್ ದಿನಾ ಸಿಗುವುದಿಲ್ಲ, ಯಾಕೆ ಅಂತ ಹೇಳುತ್ತೇವೆ

ಪ್ರೀತಿಯ ಗ್ರಾಹಕರೇ,

ಸುತ್ತಿ ಬಳಸಿ ಹೇಳುವುದು ಬೇಡ. ಮುಂದಿನ ತಿಂಗಳ ಮೊದಲ ದಿನದಿಂದ ನಮ್ಮ ಸ್ಟೇಕ್‌ಹೌಸ್‌ಗೆ ಪೆಟ್ಟಿಗೆಯಲ್ಲಿ ಬರುವ ಮಾಂಸ ನಿಲ್ಲುತ್ತದೆ. ಅದರ ಬದಲು ಅರ್ಧ ದನದ ಮಾಂಸವನ್ನು ಇಡಿಯಾಗಿ ತರಿಸಿ, ನಮ್ಮ ಅಡುಗೆಮನೆಯಲ್ಲೇ ಬಿಡಿಸಿ ಕತ್ತರಿಸುತ್ತೇವೆ. ಇದರಿಂದ ಮೆನು ಬದಲಾಗುತ್ತದೆ, ಬುಕಿಂಗ್ ಸ್ವಲ್ಪ ಬದಲಾಗುತ್ತದೆ, ಒಮ್ಮೊಮ್ಮೆ ನೀವು ಕೇಳಿದ್ದು ಇರುವುದಿಲ್ಲ. ದನದ ಮಾಂಸದಲ್ಲೇ ತುಂಬ ಮೆತ್ತಗಿನ ತುಂಡಾದ ಟೆಂಡರ್‌ಲಾಯಿನ್ ಅಂತೂ ಹೆಚ್ಚಿನ ದಿನ ಇರುವುದೇ ಇಲ್ಲ. ನೀವು ಬಂದು ಕೂತು, ಹಸಿದು, ಆಮೇಲೆ ಗೊತ್ತಾಗಿ ಬೇಜಾರು ಮಾಡಿಕೊಳ್ಳುವುದಕ್ಕಿಂತ ಈಗಲೇ ತಿಳಿಸುವುದು ವಾಸಿ, ಅಲ್ವಾ?

ನಮ್ಮದು ಕೆಲಸ ಮಾಡುವವರೇ ಸೇರಿ ನಡೆಸುವ ಸಹಕಾರಿ ಹೋಟೆಲ್ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ಪಾತ್ರೆ ತೊಳೆಯುವವರಿಂದ ಗ್ರಿಲ್ ಮುಂದೆ ನಿಲ್ಲುವವರ ತನಕ ಎಲ್ಲರೂ ಕೂತು ಮಾತಾಡಿದ್ದೇವೆ. ಜಗಳವೂ ಆಯಿತು. ಕೊನೆಗೆ ಎಲ್ಲರೂ ಒಪ್ಪಿದ್ದು ಇದಕ್ಕೆ.

ದೊಡ್ಡ ಊರಿನಲ್ಲಿ ಯಾವ ಸ್ಟೇಕ್‌ಹೌಸ್‌ಗೆ ಹೋದರೂ ಮೆನುವಿನಲ್ಲಿ ಅದೇ ನಾಲ್ಕು ಹೆಸರು: ರಿಬ್‌ಐ, ಸ್ಟ್ರಿಪ್, ಟೆಂಡರ್‌ಲಾಯಿನ್, ಟಿ-ಬೋನ್. ಕುರ್ಚಿ ಬೇರೆ, ದೀಪ ಬೇರೆ, ಬಿಲ್ ಬೇರೆ. ತಟ್ಟೆಯಲ್ಲಿ ಬರುವುದು ಮಾತ್ರ ಒಂದೇ. ಹೀಗಾಗಲು ಮುಖ್ಯ ಕಾರಣ ಆ ಪೆಟ್ಟಿಗೆಯೇ. ಹಿಂದೆ ಮಾಂಸ ಕೊಕ್ಕೆಗೆ ನೇತಾಡಿಕೊಂಡೇ ಊರಿಗೆ ಬರುತ್ತಿತ್ತು, ಅದನ್ನು ಬಿಡಿಸುವ ಕೆಲಸ ಅಂಗಡಿಯವರದ್ದು, ಹೋಟೆಲಿನವರದ್ದು. 1967ರಲ್ಲಿ ಅಮೆರಿಕದ ಅಯೋವಾ ಬೀಫ್ ಪ್ಯಾಕರ್ಸ್ ಕಂಪನಿ ಕಸಾಯಿಖಾನೆಯಲ್ಲೇ ಮಾಂಸ ಬಿಡಿಸಿ, ಗಾಳಿ ತೆಗೆದ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ತುಂಬಿ ಕಳಿಸಲು ಶುರು ಮಾಡಿತು. ಸಾಗಣೆ ಸುಲಭವಾಯಿತು, ಮೂಳೆ ಮತ್ತು ಕೊಬ್ಬಿಗೆ ಲಾರಿ ಬಾಡಿಗೆ ಕೊಡುವುದು ತಪ್ಪಿತು. ಹೋಟೆಲಿನವರಿಗೂ ಆರಾಮ. ಎಂಟು ಪೆಟ್ಟಿಗೆ ರಿಬ್‌ಐ ಅಂದರೆ ಎಂಟು ಪೆಟ್ಟಿಗೆ ರಿಬ್‌ಐ, ಉಳಿದ ದನ ಎಲ್ಲಿಗೆ ಹೋಯಿತು ಅಂತ ಕೇಳುವ ಅಗತ್ಯವೇ ಇಲ್ಲ.

ಆದರೆ ದನದಲ್ಲಿ ಬರೀ ರಿಬ್‌ಐ ಇರುವುದಿಲ್ಲವಲ್ಲ. ಪಕ್ಕೆಲುಬಿನ ಮೇಲ್ಭಾಗ ಮತ್ತು ಸೊಂಟದ ಭಾಗ, ಅಂದರೆ ಈ ಪ್ರಸಿದ್ಧ ಸ್ಟೇಕ್‌ಗಳೆಲ್ಲ ಬರುವ ಜಾಗ, ಒಟ್ಟು ತೂಕದಲ್ಲಿ ಸುಮಾರು ಕಾಲು ಭಾಗ ಅಷ್ಟೇ, ಅದೂ ಮೂಳೆ ಕೊಬ್ಬು ಸೇರಿಸಿ. ಉಳಿದ ಮುಕ್ಕಾಲು ಭಾಗ ಹೆಗಲು, ತೊಡೆ, ಎದೆ, ಹೊಟ್ಟೆ, ಕಾಲು. ಎಲ್ಲರೂ ಅದೇ ಕಾಲು ಭಾಗಕ್ಕೆ ಮುಗಿಬಿದ್ದರೆ ಅದರ ದರ ಏರದೆ ಇನ್ನೇನಾಗುತ್ತದೆ? ಆ ದರವನ್ನು ಕೊನೆಗೆ ಕೊಡುವವರು ನೀವು.

ಟೆಂಡರ್‌ಲಾಯಿನ್ ಲೆಕ್ಕ ಇನ್ನೂ ಬಿಗಿ. ನಮಗೆ ಬರುವ ಮಾಂಸ ಒಟ್ಟು 100 ಕಿಲೋಗೂ ಜಾಸ್ತಿ ತೂಗುತ್ತದೆ, ಅದರಲ್ಲಿ ಟೆಂಡರ್‌ಲಾಯಿನ್ ಒಂದೇ ಒಂದು. ಎರಡರಿಂದ ಮೂರು ಕಿಲೋ ಇರುತ್ತದೆ. ಮೇಲಿನ ಕೊಬ್ಬು, ಬೆಳ್ಳಗಿನ ಪೊರೆ, ಚೂಪಾದ ತುದಿ ತೆಗೆದರೆ ಹತ್ತು ಜನಕ್ಕೆ ಒದಗಿಸುವುದು ಕಷ್ಟ. ಬೆನ್ನುಮೂಳೆಯ ಒಳಬದಿಗೆ ಅಂಟಿಕೊಂಡಿರುವ ಈ ಸ್ನಾಯು ಓಡಾಟಕ್ಕೆ ಅಷ್ಟಾಗಿ ದುಡಿಯುವುದಿಲ್ಲ, ಅದಕ್ಕೇ ಅಷ್ಟು ಮೆತ್ತಗೆ. ಒಳಗೆ ಕೊಬ್ಬೂ ಕಡಿಮೆ. ಹಾಗಾಗಿ ನಿಜ ಹೇಳಬೇಕೆಂದರೆ ರುಚಿಯಲ್ಲಿ ಅದು ಸಪ್ಪೆ, ಅದಕ್ಕೆ ಬೆಣ್ಣೆ, ಮೆಣಸಿನ ಸಾಸ್, ಬೇಕನ್ ಸುತ್ತುವುದು ಇವೆಲ್ಲ ಸುಮ್ನೆ ಬಂದಿದ್ದಲ್ಲ. ಅದನ್ನು ಇಷ್ಟಪಡುವವರು ಬೈದುಕೊಳ್ಳಬಹುದು, ಬೈದುಕೊಳ್ಳಿ. ನಮ್ಮ ಹಾಲ್‌ನಲ್ಲಿ ಕೆಲಸ ಮಾಡುವ ಇಬ್ಬರು ಈಗಾಗಲೇ ಬೈದಿದ್ದಾರೆ.

ಇನ್ನು ಅದರ ಜಾಗಕ್ಕೆ ಬರುವುದೇನು ಅಂತ ನೋಡೋಣ. ನಾವು ತುಂಬ ಖುಷಿಯಲ್ಲಿರುವುದು ಫ್ಲಾಟ್ ಐರನ್ ಬಗ್ಗೆ. ಇದು ಹೆಗಲ ಮೂಳೆಯ ಮೇಲಿರುವ ಸ್ನಾಯು. ಮೆತ್ತಗಿರುವುದರಲ್ಲಿ ಟೆಂಡರ್‌ಲಾಯಿನ್ ಬಿಟ್ಟರೆ ಇದಕ್ಕೇ ಜಾಗ, ರುಚಿಯಲ್ಲಿ ಎಷ್ಟೋ ಮುಂದೆ. ಆದರೂ ಬಹಳ ಕಾಲ ಇದನ್ನು ಯಾರೂ ಸ್ಟೇಕ್ ಆಗಿ ಅಷ್ಟಾಗಿ ಕೇಳುತ್ತಿರಲಿಲ್ಲ, ಯಾಕೆಂದರೆ ಇದರ ನಟ್ಟನಡುವೆ ಒಂದು ಗಟ್ಟಿ ನಾರಿನ ಹಾಳೆ ಹಾದುಹೋಗುತ್ತದೆ. ಅಡ್ಡಕ್ಕೆ ಕತ್ತರಿಸಿದರೆ ಪ್ರತಿ ತುಂಡಿನ ಮಧ್ಯೆ ಆ ನಾರು ಬಂದು ಹಲ್ಲಿಗೆ ಸಿಗುತ್ತದೆ. 2000ದ ದಶಕದ ಶುರುವಿನಲ್ಲಿ ನೆಬ್ರಾಸ್ಕಾ ಮತ್ತು ಫ್ಲಾರಿಡಾ ವಿಶ್ವವಿದ್ಯಾಲಯದವರು ದನದ ಒಂದೊಂದು ಸ್ನಾಯುವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿದರು. ಅಡ್ಡಕ್ಕೆ ಕತ್ತರಿಸದೆ, ಆ ಹಾಳೆಯ ಮೇಲೆ ಒಂದು ಸಲ, ಕೆಳಗೆ ಒಂದು ಸಲ ಚಾಕು ಹಾಯಿಸಿ ಅದನ್ನೇ ಎತ್ತಿಬಿಟ್ಟರೆ ಎರಡು ಚಪ್ಪಟೆ, ನಾರಿಲ್ಲದ ಸ್ಟೇಕ್ ಸಿಗುತ್ತದೆ ಅಂತ ತೋರಿಸಿಕೊಟ್ಟರು. ಕೆಲಸ ನಿಧಾನದ್ದು. ಚಾಕು ತೆಳ್ಳಗೆ, ಸ್ವಲ್ಪ ಬಾಗುವಂಥದ್ದು ಬೇಕು, ಅದನ್ನು ನಾರಿಗೆ ಒತ್ತಿಕೊಂಡೇ ಜಾರಿಸಬೇಕು. ಸ್ವಲ್ಪ ಮೇಲೆ ಹೋದರೆ ಒಳ್ಳೆ ಮಾಂಸ ನಾರಿನ ಜೊತೆ ಹೋಯಿತು, ಸ್ವಲ್ಪ ಕೆಳಗೆ ಹೋದರೆ ನಾರು ಮಾಂಸದಲ್ಲೇ ಉಳಿಯಿತು. ಸಂಜೆ ಬೇಗ ಬಂದರೆ ಅಡುಗೆಮನೆಯ ಗಾಜಿನಾಚೆ ನೀವೇ ನೋಡಬಹುದು.

ಇನ್ನೊಂದು ಹ್ಯಾಂಗರ್. ಡಯಾಫ್ರಂ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ಅದರ ಹತ್ತಿರ ಎದೆಗೂಡಿನ ಒಳಗೆ ಇಳಿಬಿದ್ದಿರುವ ತುಂಡು. ಇಡೀ ದನಕ್ಕೆ ಇದು ಒಂದೇ, ಬಿಡಿಸಿದ ಮೇಲೆ ಒಂದು ಕಿಲೋ ಕೂಡ ಬರುವುದಿಲ್ಲ. ಹಿಂದೆ ಮಾಂಸದಂಗಡಿಯವರು ಇದನ್ನು ಮಾರದೆ ಮನೆಗೆ ಒಯ್ಯುತ್ತಿದ್ದರು ಅಂತ ಪ್ರತೀತಿ. ಇಂಗ್ಲಿಷಿನಲ್ಲಿ ಇದಕ್ಕೆ ಬುಚರ್ಸ್ ಸ್ಟೇಕ್ ಅನ್ನುವ ಹೆಸರೂ ಇದೆ. ನಮಗೆ ಬರುವುದು ಅರ್ಧ ದನವಾದ್ದರಿಂದ ಅದು ಕೆಲವು ಸಲ ನಮ್ಮ ಪಾಲಿಗೆ ಬರುತ್ತದೆ, ಕೆಲವು ಸಲ ಇನ್ನರ್ಧ ತೆಗೆದುಕೊಂಡವರ ಪಾಲಿಗೆ. ಬಂದ ದಿನ ಮೂರು ನಾಲ್ಕು ತಟ್ಟೆಯಲ್ಲಿ ಮುಗಿದುಹೋಗುತ್ತದೆ. ದಯವಿಟ್ಟು ಫೋನ್ ಮಾಡಿ ಎತ್ತಿಡಿ ಅನ್ನಬೇಡಿ, ಮೊದಲು ಬಂದವರಿಗೆ ಮೊದಲು.

ಈ ತುಂಡುಗಳಿಗೆ ಬೇಯಿಸುವ ಹದ ತುಂಬ ಮುಖ್ಯ. ಹ್ಯಾಂಗರ್‌ನ ನಾರು ದಪ್ಪ. ಅದು ಚೆನ್ನಾಗಿರುವುದು ಮೀಡಿಯಂ ರೇರ್‌ನಲ್ಲಿ, ಅಂದರೆ ಒಳಗೆ 54ರಿಂದ 57 ಡಿಗ್ರಿ ಸೆಲ್ಸಿಯಸ್ ಇದ್ದಾಗ. 70 ದಾಟಿಸಿದರೆ ಜಗಿದು ಜಗಿದು ದವಡೆ ನೋಯುತ್ತದೆ. ಹಾಗಂತ ವೆಲ್ ಡನ್, ಅಂದರೆ ಪೂರ್ತಿ ಬೆಂದದ್ದು, ಕೇಳುವವರನ್ನು ನಾವು ಕೀಳಾಗಿ ನೋಡುವುದಿಲ್ಲ, ಕೆಲವು ಕಡೆ ಹಾಗೆ ಕೇಳಿದರೆ ವೇಟರ್ ಮುಖ ಸಿಂಡರಿಸುವುದು ನಮಗೂ ಗೊತ್ತು. ಗರ್ಭಿಣಿಯರು, ವಯಸ್ಸಾದವರು, ಕಾಯಿಲೆಯಿಂದ ಎದ್ದವರು ಪೂರ್ತಿ ಬೆಂದದ್ದನ್ನೇ ತಿನ್ನುವುದು ಒಳ್ಳೆಯದು. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ಬೀಫ್‌ಗೆ ಹೇಳುವ ಲೆಕ್ಕವೂ 63 ಡಿಗ್ರಿ ಮತ್ತು ಇಳಿಸಿದ ಮೇಲೆ ಮೂರು ನಿಮಿಷ. ಹಾಗಾಗಿ ಪೂರ್ತಿ ಬೆಂದದ್ದು ಬೇಕು ಅನ್ನುವವರಿಗೆ ಈ ಹೊಸ ವ್ಯವಸ್ಥೆಯಲ್ಲಿ ನಿಜವಾಗಿ ಒಳ್ಳೆಯದೇ ಆಗುತ್ತದೆ. ಎದೆ, ಕಾಲು, ಪಕ್ಕೆಲುಬಿನ ಕೆಳಭಾಗ ಈಗ ನಮ್ಮ ಹತ್ತಿರವೇ ಇರುತ್ತವೆ. ಇವುಗಳಲ್ಲಿ ಮಾಂಸವನ್ನು ಹಿಡಿದಿಡುವ ಗಟ್ಟಿ ಪ್ರೋಟೀನ್, ಅಂದರೆ ಕೊಲಾಜನ್, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದರೆ ಮೆತ್ತಗಿನ ಜೆಲಟಿನ್ ಆಗಿ ಕರಗುತ್ತದೆ, ಮಾಂಸ ಚಮಚದಲ್ಲೇ ಬಿಡುತ್ತದೆ. ಒಣಗಿದ ವೆಲ್ ಡನ್ ಸ್ಟೇಕ್‌ಗಿಂತ ಇದು ನೂರು ಪಾಲು ಮೇಲು.

ತಟ್ಟೆಯಲ್ಲಿ ಇಳಿಯುವ ಕೆಂಪು ನೀರು ರಕ್ತ ಅಂದುಕೊಂಡು ವಾಪಸ್ ಕಳಿಸುವವರು ಈಗಲೂ ಇದ್ದಾರೆ. ಅದು ಮಯೋಗ್ಲೋಬಿನ್, ಸ್ನಾಯುವಿನಲ್ಲಿ ಇರುವ ಪ್ರೋಟೀನ್, ಅದರ ಜೊತೆ ನೀರು. ರಕ್ತ ಕಸಾಯಿಖಾನೆಯಲ್ಲೇ ಹರಿದುಹೋಗಿರುತ್ತದೆ.

ಬರ್ಗರ್ ವಿಷಯದಲ್ಲಿ ಮಾತ್ರ ನಾವು ಹಟಮಾರಿಗಳು. ಕತ್ತರಿಸುವಾಗ ಉಳಿಯುವ ಚೂರುಗಳಿಂದ ಕೈಮಾ ಮಾಡಿ ಮಧ್ಯಾಹ್ನ ಬರ್ಗರ್ ಕೊಡುತ್ತೇವೆ, ಅದನ್ನು ರೇರ್ ಆಗಿ, ಅಂದರೆ ಒಳಗೆ ಹಸಿ ಉಳಿಯುವ ಹಾಗೆ, ಕೊಡುವುದಿಲ್ಲ. "ಸ್ಟೇಕ್ ರೇರ್ ಕೊಡ್ತೀರಿ, ಬರ್ಗರ್ ಯಾಕೆ ಕೊಡಲ್ಲ?" ಅಂತ ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. ಇಡೀ ತುಂಡಿನಲ್ಲಿ ರೋಗಾಣು ಇದ್ದರೂ ಸಾಮಾನ್ಯವಾಗಿ ಮೇಲ್ಮೈಯಲ್ಲಿ ಇರುತ್ತದೆ, ಕಾದ ಕಬ್ಬಿಣ ಮುಟ್ಟಿದ ಕೂಡಲೇ ಸಾಯುತ್ತದೆ. ಕೈಮಾ ಮಾಡಿದಾಗ ಆ ಮೇಲ್ಮೈ ಎಲ್ಲ ಒಳಗೆ ಬೆರೆತುಹೋಯಿತು. ಹಾಗಾಗಿ ಒಳಗಿನ ತನಕ 71 ಡಿಗ್ರಿ ಆಗಲೇಬೇಕು.

ಹಳೆಯದು ಮಾಡುವ ಕೋಲ್ಡ್ ರೂಮ್, ಅಂದರೆ ಡ್ರೈ ಏಜಿಂಗ್ ಕೋಣೆ, ಹಾಗೇ ಇರುತ್ತದೆ. ಆದರೆ ಅಲ್ಲಿಗೆ ಹೋಗುವುದು ಮೂಳೆ ಸಮೇತದ ದೊಡ್ಡ ತುಂಡು ಮಾತ್ರ. ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲೆ, ಗಾಳಿ ಆಡುವ ಹಾಗೆ, 28 ದಿನ ಇಡುತ್ತೇವೆ. ಮಾಂಸದೊಳಗಿನ ಕಿಣ್ವಗಳು ನಾರನ್ನು ಸಡಿಲ ಮಾಡುತ್ತವೆ, ನೀರು ಆರಿ ರುಚಿ ಗಟ್ಟಿಯಾಗುತ್ತದೆ. ಆರಿದ ನೀರು, ಕತ್ತರಿಸಿ ಎಸೆಯುವ ಕಪ್ಪು ಹೊರಪದರ ಎರಡೂ ಸೇರಿ ತೂಕದಲ್ಲಿ ಕಾಲು ಭಾಗದಷ್ಟೂ ಹೋಗಬಹುದು. ದುಬಾರಿ ಆಗುವುದು ಅದಕ್ಕೇ. ಇಂಥ ದೊಡ್ಡ ಸ್ಟೇಕ್ ಬೇಕಿದ್ದರೆ ಇನ್ನು ಮೇಲೆ ಒಂದು ದಿನ ಮುಂಚೆ ಹೇಳಿ, ಬುಕಿಂಗ್ ಜೊತೆ ಅಡ್ವಾನ್ಸ್ ಕೊಡಬೇಕಾಗುತ್ತದೆ. ಉಳಿದ ಟೇಬಲ್‌ಗಳಿಗೆ ಅಡ್ವಾನ್ಸ್ ಬೇಡ.

ಉಳಿದ ಬದಲಾವಣೆ ಬೇಗ ಹೇಳಿಬಿಡುತ್ತೇವೆ. ಅಚ್ಚು ಹಾಕಿಸಿದ ಮೆನು ಇರುವುದಿಲ್ಲ, ಬಾಗಿಲ ಪಕ್ಕದ ಹಲಗೆಯಲ್ಲಿ ಅವತ್ತಿನ ತುಂಡುಗಳ ಹೆಸರು, ದರ ಇರುತ್ತವೆ. ಮುಗಿದದ್ದನ್ನು ಅಲ್ಲೇ ಅಳಿಸುತ್ತೇವೆ. ನಾವು ಬರೆಯುವ ತೂಕ ಹಸಿ ಮಾಂಸದ್ದು. ಬೇಯುವಾಗ ಐದರಲ್ಲೊಂದು ಭಾಗ, ಕೆಲವು ಸಲ ನಾಲ್ಕರಲ್ಲೊಂದು ಭಾಗ ಇಳಿಯುತ್ತದೆ, ಹಾಗಾಗಿ 250 ಗ್ರಾಂ ಅಂತ ಬರೆದದ್ದು ತಟ್ಟೆಯಲ್ಲಿ 200 ಗ್ರಾಂ ಆಸುಪಾಸು ಕಂಡರೆ ಗಾಬರಿ ಬೇಡ. ಬೇರೆ ಹೋಟೆಲ್‌ಗಳಲ್ಲೂ ಹೆಚ್ಚಾಗಿ ಹಾಗೇ, ಕೇಳಿ ನೋಡಿ.

ಆಲೂಗಡ್ಡೆ, ಸೊಪ್ಪು, ಸಾಸ್‌ಗೆ ಇನ್ನು ಬೇರೆ ಬಿಲ್ ಇಲ್ಲ, ಸ್ಟೇಕ್ ಜೊತೆಗೇ ಬರುತ್ತವೆ. ಸ್ಟೇಕ್‌ಹೌಸ್‌ಗಳು ಇವನ್ನು ಬೇರೆಯಾಗಿ ಮಾರುವುದಕ್ಕೆ ಕಾರಣ ಇದೆ. ಮಾಂಸದಲ್ಲಿ ಉಳಿಯುವ ದುಡ್ಡು ಕಡಿಮೆ, ಆಲೂಗಡ್ಡೆಯಲ್ಲಿ ಮತ್ತು ಗ್ಲಾಸಿನಲ್ಲಿ ಕೊಡುವ ಪಾನೀಯದಲ್ಲಿ ಜಾಸ್ತಿ. ನಮಗೆ ಈಗ ಹೆಗಲು, ತೊಡೆ ಎಲ್ಲ ಸೇರಿ ಒಂದೇ ದರಕ್ಕೆ ಬರುವುದರಿಂದ ಆ ಲೆಕ್ಕ ಸ್ವಲ್ಪ ಸಡಿಲವಾಗಿದೆ. ಮೂಳೆಯಿಂದ ಸಾರು, ಸಾಸ್ ಆಗುತ್ತದೆ. ಕೊಬ್ಬು ಕರಗಿಸಿ ಅದರಲ್ಲೇ ಆಲೂಗಡ್ಡೆ ಕರಿಯುತ್ತೇವೆ. ಇದನ್ನು ದಯವಿಟ್ಟು ಗಮನಿಸಿ: ಬೀಫ್ ತಿನ್ನದ ಸ್ನೇಹಿತರು ನಿಮ್ಮ ಜೊತೆ ಬಂದರೆ ಆರ್ಡರ್ ಮಾಡುವಾಗಲೇ ಹೇಳಿ. ಅವರಿಗೆ ಬೇರೆ ಬಾಣಲೆ, ಬೇರೆ ಎಣ್ಣೆ ಇಟ್ಟಿದ್ದೇವೆ. ತರಕಾರಿ ಅಡುಗೆಗೆ ಮೂಳೆ ಸಾರು ಹಾಕುವುದಿಲ್ಲ.

ಇಷ್ಟು ಕಡಿಮೆ ಆಯ್ಕೆ ಇಟ್ಟರೆ ಜನ ಬರುತ್ತಾರಾ ಅಂತ ಕೆಲವರು ಕೇಳಿದರು. ಪ್ಯಾರಿಸ್‌ನಲ್ಲಿ 1959ರಲ್ಲಿ ಶುರುವಾದ ಲ ರಿಲೇ ದ ವೆನೀಸ್ ಅನ್ನುವ ಹೋಟೆಲ್ ಇದೆ. ಅಲ್ಲಿ ಊಟಕ್ಕೆ ಇರುವುದು ಒಂದೇ: ಸಲಾಡ್, ಆಮೇಲೆ ಸಾಸ್ ಹಾಕಿದ ಸ್ಟೇಕ್, ಜೊತೆಗೆ ಕರಿದ ಆಲೂಗಡ್ಡೆ. ಬಡಿಸುವವರು ನಿಮ್ಮನ್ನು ಕೇಳುವುದು ಯಾವ ಹದ ಅಂತ ಮಾತ್ರ. ಬುಕಿಂಗ್ ಇಲ್ಲ, ಬಾಗಿಲಲ್ಲಿ ಸಾಲು. ನಾವು ಅಷ್ಟು ದೂರ ಹೋಗಿಲ್ಲ, ನಮ್ಮ ಹಲಗೆಯಲ್ಲಿ ದಿನಾ ಐದಾರು ಹೆಸರಾದರೂ ಇರುತ್ತವೆ.

ಟೆಂಡರ್‌ಲಾಯಿನ್ ಇಲ್ಲದೆ ಹುಟ್ಟುಹಬ್ಬ ನಡೆಯುವುದೇ ಇಲ್ಲ ಅನ್ನುವವರು ಅವತ್ತು ಬೇರೆ ಕಡೆ ಹೋಗಿ, ನಮಗೆ ಬೇಸರ ಇಲ್ಲ. ಈ ಊರಲ್ಲಿ ಅದನ್ನು ಚೆನ್ನಾಗಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಹೋದಾಗ ತುಂಡು ಎಷ್ಟು ದಪ್ಪ ಅಂತ ಕೇಳಿ. ಎರಡು ಬೆರಳಿಗಿಂತ ತೆಳ್ಳಗಿದ್ದರೆ ಹೊರಗೆ ಕಂದು ಬಣ್ಣ ಬರುವಷ್ಟರಲ್ಲಿ ಒಳಗೆ ಬೆಂದುಹೋಗಿರುತ್ತದೆ, ಹೇಳಿದ ಹದ ಸಿಗುವುದು ಅಪರೂಪ.

ಈಗಾಗಲೇ ಟೇಬಲ್ ಬುಕ್ ಮಾಡಿದವರು: ಈ ತಿಂಗಳ ಕೊನೆಯ ದಿನದ ತನಕ ಹಳೆ ಮೆನುವೇ ಇರುತ್ತದೆ. ಮುಂದಿನ ತಿಂಗಳಿಗೆ ಟೆಂಡರ್‌ಲಾಯಿನ್ ಹೇಳಿ ಅಡ್ವಾನ್ಸ್ ಕೊಟ್ಟವರಿಗೆ ನಾವೇ ಫೋನ್ ಮಾಡುತ್ತಿದ್ದೇವೆ. ಬೇರೆ ತುಂಡು ಸಾಕು ಅಂದರೆ ವ್ಯತ್ಯಾಸದ ಹಣ, ಬೇಡವೇ ಬೇಡ ಅಂದರೆ ಪೂರ್ತಿ ಹಣ ವಾಪಸ್. ಹಳೆಯ ಗಿಫ್ಟ್ ಕೂಪನ್‌ಗಳು ಹಾಗೇ ನಡೆಯುತ್ತವೆ, ಅದರ ಮೇಲೆ ಯಾವ ಸ್ಟೇಕ್ ಹೆಸರು ಅಚ್ಚಾಗಿದ್ದರೂ ಪರವಾಗಿಲ್ಲ. ಸೋಮವಾರ ಮಾಂಸ ಬಿಡಿಸುವ ದಿನವಾದ್ದರಿಂದ ಮಧ್ಯಾಹ್ನ ಬಾಗಿಲು ಮುಚ್ಚಿರುತ್ತದೆ, ಸಂಜೆ ಎಂದಿನ ಹಾಗೆ ತೆರೆಯುತ್ತೇವೆ.

ಇಂತಿ,
ಅಡುಗೆಮನೆ ಮತ್ತು ಹಾಲ್‌ನಲ್ಲಿ ಕೆಲಸ ಮಾಡುವ ನಾವೆಲ್ಲರೂ