ಆರ್‌ಎಕ್ಸ್ 100: ಹೆಡ್ ಬಿಚ್ಚಿ ಅಳೆಯದೆ ಮುಂಗಡ ಕೊಡಬೇಡಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಯಮಹಾ ಆರ್‌ಎಕ್ಸ್ 100ಕ್ಕೆ ಹೊಸ ಬೈಕಿನ ದರ ಕೇಳುವವರಿದ್ದಾರೆ. ಪೇಂಟ್ ಹೊಳೆಯುತ್ತದೆ, ಸೌಂಡ್ ಚಲೋ ಐತಿ ಅಂತ ಹುಡುಗರು ನಿಂತಲ್ಲೇ ರೊಕ್ಕ ಎಣಿಸುತ್ತಾರೆ. ಈ ಗಾಡಿಯ ಬೆಲೆಯೆಲ್ಲ ಎಂಜಿನ್ನಿನಲ್ಲಿದೆ, ಮೋಸ ನಡೆಯುವುದೂ ಅಲ್ಲೇ.

1985ರಿಂದ 1996ರವರೆಗೆ ಇಲ್ಲಿ ತಯಾರಾದ ಆರ್‌ಎಕ್ಸ್ 100ರ ಎಂಜಿನ್ 98 ಸಿಸಿಯದು. ಆಮೇಲಿನ ಆರ್‌ಎಕ್ಸ್ 135ರ ಎಂಜಿನ್ ಹೊರಗಿನಿಂದ ಹೆಚ್ಚುಕಡಿಮೆ ಅದರಂತೆಯೇ ಕಾಣುತ್ತದೆ, ಅದನ್ನೇ ಕೂರಿಸಿ ನೂರು ಅಂತ ಮಾರುವವರಿದ್ದಾರೆ. ಕೆಲವರು ಪ್ಲಗ್ ತೂತಿನಲ್ಲಿ ತಂತಿ ಇಳಿಬಿಟ್ಟು ಪಿಸ್ಟನ್ ಎಷ್ಟು ಓಡುತ್ತದೆ ಅಂತ ಅಳೆದು, ‘ನೋಡ್ರಿ, 50 ಮಿಮೀ, ಒರಿಜಿನಲ್ಲೇ’ ಅನ್ನುತ್ತಾರೆ. ಅದನ್ನು ನಂಬಬೇಡಿ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ಉದ್ದ, ಎರಡರಲ್ಲೂ 50 ಮಿಮೀಯೇ. ವ್ಯತ್ಯಾಸ ಇರುವುದು ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳವ್ಯಾಸದಲ್ಲಿ: ನೂರಕ್ಕೆ 50 ಮಿಮೀ, 135ಕ್ಕೆ 58. ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ಡಿನ ನಟ್ ಬಿಚ್ಚಿ ವರ್ನಿಯರ್ ಅಳತೆಪಟ್ಟಿ ಇಟ್ಟರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಸವೆದ ಸಿಲಿಂಡರನ್ನು ಕೊರೆದು ಬೋರಿಂಗ್ ಮಾಡಿಸಿದ್ದರೆ 50.25, 50.50, 50.75, ಕೊನೆಗೆ 51 ಬರಬಹುದು. ಪಿಸ್ಟನ್ ತಲೆಯ ಮೇಲೂ 25, 50, 75, 100 ಅಂತ ಒತ್ತಿರುತ್ತಾರೆ. 51 ಇದ್ದರೆ ಮುಂದಿನ ಬೋರಿಂಗಿಗೆ ಜಾಗವಿಲ್ಲ, ಸಿಲಿಂಡರಿನೊಳಗೆ ಹೊಸ ಸ್ಲೀವ್ (ಒಳಕೊಳವೆ) ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. 58ರ ಹತ್ತಿರ ಬಂದರೆ ಸಿಲಿಂಡರ್ ಆ ಗಾಡಿಯದಲ್ಲ.

ದೊಡ್ಡ ಸಿಲಿಂಡರ್ ಕೂರಿಸಲು ಅದರ ಕೆಳಗಿನ ಎಂಜಿನ್ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಬಾಯಿ ಕೊರೆದಿದ್ದರೆ, ಎರಡರ ನಡುವಿನ ಬೇಸ್ ಗ್ಯಾಸ್ಕೆಟ್ ಕೂರುವ ಅಂಚು ಕಿರಿದಾಗಿರುತ್ತದೆ. ಅಲ್ಲಿಂದ ಗಾಳಿ ಎಳೆದರೆ ಮಿಶ್ರಣ ತೆಳುವಾಗಿ, ಬಿಸಿಯೇರಿ ಪಿಸ್ಟನ್ ಜಾಮ್ ಆಗುತ್ತದೆ. ಅಂಥ ಕೇಸಿಗೆ ಮೂಲ ಸಿಲಿಂಡರ್ ತಂದು ಕೂರಿಸಿದರೂ ಹಳೆಯ ಬಿಗಿ ಬರುವುದಿಲ್ಲ.

ಗೇರ್ ಎಣಿಸಿ. ನಾಲ್ಕಿರಬೇಕು. ಐದಿದ್ದರೆ ಒಳಗೆ ಬೇರೆ ಗಾಡಿಯ ಗೇರ್‌ಬಾಕ್ಸ್ ಕೂತಿದೆ.

ಇನ್ನು ನಂಬರು. ಎಂಜಿನ್ ನಂಬರು ಕ್ರ್ಯಾಂಕ್‌ಕೇಸಿನ ಮೇಲೆ, ಚಾಸಿಸ್ ನಂಬರು ಹ್ಯಾಂಡಲ್ ಕೆಳಗಿನ ಹೆಡ್ ಪೈಪಿನ ಮೇಲೆ. ತಿನ್ನರಿನಲ್ಲಿ ನೆನೆಸಿದ ಅರಿವೆಯಿಂದ ಜಿಡ್ಡು ತೆಗೆಯಿರಿ. ಮರಳು ಕಾಗದ, ವೈರ್ ಬ್ರಷ್ ಮುಟ್ಟಿಸಬೇಡಿ, ಸಾಕ್ಷಿಯೇ ಅಳಿಸಿಹೋಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ನಂಬರಿನ ಸುತ್ತಲಿನ ಅಲ್ಯೂಮಿನಿಯಂ ತನ್ನ ಒರಟುತನ ಕಳೆದುಕೊಂಡು ನುಣ್ಣಗೆ ತಗ್ಗಾಗಿದ್ದರೆ ಗ್ರೈಂಡರ್ ಆಡಿದೆ. ಒಂದು ಅಂಕಿ ಆಳ, ಪಕ್ಕದ್ದು ಮೇಲೆ, ಮತ್ತೊಂದು ವಾರೆ ಇದ್ದರೆ ಕೈಪಂಚು ಬಿದ್ದಿದೆ. ನಂಬರು ಆರ್‌ಎಕ್ಸ್ 100ರ ಗುರುತಾದ ‘1ಎಲ್1’ ಅಂತ ಶುರುವಾದ ಮಾತ್ರಕ್ಕೆ ಒಪ್ಪಬೇಡಿ, ಪಂಚು ಇದ್ದವರು ಅದನ್ನೂ ಹೊಡೆಯುತ್ತಾರೆ. ಹೆಡ್ ಪೈಪಿಗೆ ಸಣ್ಣ ಮ್ಯಾಗ್ನೆಟ್ ಹಿಡಿಯಿರಿ. ಒಂದೇ ಕಡೆ ಎಳೆತ ಸಡಿಲವಾದರೆ ಪೇಂಟಿನ ಕೆಳಗೆ ಪುಟ್ಟಿ ಇದೆ. ಆಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಎರಡರ ಅಚ್ಚು ತೆಗೆದು, ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೋಲಿಸಿ ಓದಿ.

ಎಂಜಿನ್ ಬದಲಾಗಿದ್ದೇ ತಪ್ಪು ಅಂತ ನಾವು ಹೇಳುವುದಿಲ್ಲ. ಮೂವತ್ತು ವರ್ಷ ದುಡಿದ ಗಾಡಿಗೆ ಬದಲಿ ಎಂಜಿನ್ ಬಂದಿರಬಹುದು. ಅದನ್ನು ಆರ್‌ಸಿಯಲ್ಲಿ ಬರೆಸಿ, ಮಾರುವಾಗ ಬಾಯಿ ಬಿಟ್ಟು ಹೇಳಿ, ಬೆಲೆ ಇಳಿಸಿದರೆ ಅದು ನ್ಯಾಯದ ವ್ಯಾಪಾರ.

ಧಾರವಾಡ (ಕೆಎ-25), ಹುಬ್ಬಳ್ಳಿ (63), ಗದಗ (26), ಹಾವೇರಿ (27) ಈ ನಾಲ್ಕೂ ಸಾರಿಗೆ ಕಚೇರಿಗಳಿಗೆ ನಮ್ಮ ಕೋರಿಕೆ ಒಂದೇ. ಹದಿನೈದು ವರ್ಷ ದಾಟಿದ ಬೈಕಿನ ಮಾಲೀಕತ್ವ ಬದಲಿಸುವಾಗ ಗಾಡಿಯನ್ನೇ ತರಿಸಿ, ಎರಡೂ ನಂಬರಿನ ಪೆನ್ಸಿಲ್ ಅಚ್ಚು ತೆಗೆದು ಕಡತಕ್ಕೆ ಅಂಟಿಸಲಿ.

– ಹಳೆ ಬೈಕ್ ಮೆಕ್ಯಾನಿಕ್ ಗೆಳೆಯರು, ಹಳೇ ಹುಬ್ಬಳ್ಳಿ