ಮಂಡ್ಯದಿಂದ ಹೊಸೂರಿಗೆ ಬೆಳಗಿನ ಮೆಮು ಬೇಕು: ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಮಂಡ್ಯ ಲೋಕಸಭಾ ಸದಸ್ಯರಿಗೆ, ಮಂಡ್ಯ, ಮದ್ದೂರು ಭಾಗದ ರೈಲು ಪ್ರಯಾಣಿಕರ ನಮಸ್ಕಾರಗಳು. ಹೊಸೂರಿನ ಕಾರ್ಖಾನೆಗಳಿಗೆ ಬೆಳಗ್ಗೆ ಹೋಗಿ ಸಂಜೆ ಬರಲು ಒಂದು ಮೆಮು (ವಿದ್ಯುತ್ತಿನಿಂದ ಓಡುವ ಪ್ರಯಾಣಿಕ ರೈಲು) ಬೇಕೆಂಬುದು ನಮ್ಮ ಕೋರಿಕೆ.

ಹೊಸೂರು ಪಟ್ಟಣ ತಮಿಳುನಾಡಿನದು, ನಿಜ. ಆದರೆ ಹೊಸೂರು ರೈಲು ನಿಲ್ದಾಣ ಇರುವುದು ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗದಲ್ಲಿ. ಮಂಡ್ಯ ನಿಲ್ದಾಣವೂ ಅದೇ ವಿಭಾಗಕ್ಕೆ ಸೇರಿದ್ದು. ಆನೇಕಲ್ ರೋಡ್ ದಾಟಿದ ಮೇಲೆ ರಾಜ್ಯ ಬದಲಾಗುತ್ತದೆಯೇ ಹೊರತು ರೈಲ್ವೆ ಬದಲಾಗುವುದಿಲ್ಲ. ಹಾಗಾಗಿ "ಅದು ಬೇರೆ ವಲಯ, ಅವರನ್ನು ಕೇಳಬೇಕು" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಈಗ ಮಂಡ್ಯದಲ್ಲಿ ಹತ್ತಿ ಹೊಸೂರಿನಲ್ಲಿ ಇಳಿಯಲು ನೇರ ಗಾಡಿಗಳಿಲ್ಲವೆಂದಲ್ಲ. ತೂತ್ತುಕುಡಿ ಎಕ್ಸ್‌ಪ್ರೆಸ್ ಇದೆ, ಮೈಲಾಡುತುರೈ ಮಾರ್ಗದ ಕಡಲೂರು ಎಕ್ಸ್‌ಪ್ರೆಸ್ ಇದೆ. ಎರಡೂ ಮೈಸೂರು ಬಿಡುವುದು ಮಧ್ಯಾಹ್ನದ ಮೇಲೆ, ಹೊಸೂರು ಮುಟ್ಟುವುದು ಕತ್ತಲಾದ ಮೇಲೆ. ವಾಪಸ್ ಬರುವಾಗ ಬೆಳಕು ಹರಿಯುವ ಮುಂಚೆಯೇ ಹೊಸೂರು ದಾಟಿಬಿಡುತ್ತವೆ. ತಮಿಳುನಾಡಿನ ದೂರದ ಊರುಗಳಿಗೆ ರಾತ್ರಿ ಮಲಗಿ ಹೋಗುವವರಿಗೆ ಈ ವೇಳೆ ಸರಿ. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವರಿಗೆ ಏನೇನೂ ಉಪಯೋಗವಿಲ್ಲ.

ಯಶವಂತಪುರದಿಂದ ಹೊಸೂರಿಗೆ ಮೆಮು ಓಡುತ್ತದೆ. ಅದು ಹೆಬ್ಬಾಳ, ಬಾಣಸವಾಡಿ ಕಡೆಯಿಂದ ಹೋಗುವುದರಿಂದ ಬೆಂಗಳೂರು ಸಿಟಿ ಸ್ಟೇಷನ್ನನ್ನು ಮುಟ್ಟುವುದೇ ಇಲ್ಲ. ಮಂಡ್ಯದ ಗಾಡಿಯಿಂದ ಇಳಿದವರಿಗೆ ಅದು ಸಿಗದು. ಉಳಿದ ದಾರಿ ಹೀಗಿದೆ: ಸಿಟಿ ಸ್ಟೇಷನ್ನಿನಿಂದ ಮೆಜೆಸ್ಟಿಕ್‌ಗೆ ನಡೆದು, ಹಸಿರು ಮಾರ್ಗದ ಮೆಟ್ರೊದಲ್ಲಿ ಆರ್.ವಿ. ರಸ್ತೆ, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ ಬೊಮ್ಮಸಂದ್ರ, ಆಮೇಲೆ ಅತ್ತಿಬೆಲೆ ಮೇಲೆ ಹೋಗುವ ಹೊಸೂರು ಬಸ್ಸು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಸಿಲ್ಕ್ ಬೋರ್ಡ್ ಜಂಜಾಟವೇನೋ ತಪ್ಪಿತು. ಆದರೆ ರೈಲು ಸಿಟಿ ಸ್ಟೇಷನ್ನಿನ ಹೊರಗೆ ಪ್ಲಾಟ್‌ಫಾರಂ ಖಾಲಿಯಾಗಲೆಂದು ಕಾಯುತ್ತಾ ನಿಂತರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗು.

ನಾವು ಕೇಳುವುದು ಹೊಸ ಹಳಿಯನ್ನಲ್ಲ. ಬೆಳಗ್ಗೆ ಬೆಂಗಳೂರಿಗೆ ಬಂದು ನಿಲ್ಲುವ ಒಂದು ಗಾಡಿಯನ್ನು ಹೊಸೂರಿನವರೆಗೆ ವಿಸ್ತರಿಸಿ. ಮೈಸೂರು ಕಡೆಯಿಂದ ಬಂದ ಗಾಡಿ ಸಿಟಿ ಸ್ಟೇಷನ್ನಿನಲ್ಲಿ ದಿಕ್ಕು ಬದಲಿಸಬೇಕಾಗಿಲ್ಲ. ಬಂದ ಮುಖದಲ್ಲೇ ಕಂಟೋನ್ಮೆಂಟ್, ಬೈಯಪ್ಪನಹಳ್ಳಿ, ಕಾರ್ಮೆಲರಾಂ, ಹೀಲಲಿಗೆ ಹಾಯ್ದು ಹೋಗಬಹುದು. ಉದ್ದಕ್ಕೂ ವಿದ್ಯುತ್ ತಂತಿಯಿದೆ. ಹೀಗೆ ಮುಂದಕ್ಕೆ ಹೋದರೆ ಸಿಟಿ ಸ್ಟೇಷನ್ನಿನ ಪ್ಲಾಟ್‌ಫಾರಂ ಕೂಡ ಬೇಗ ಖಾಲಿಯಾಗುತ್ತದೆ.

ತೊಡಕು ಇರುವುದು ಬೈಯಪ್ಪನಹಳ್ಳಿಯಿಂದಾಚೆಗಿನ ಸುಮಾರು 48 ಕಿ.ಮೀ.ಯಲ್ಲಿ. ಜೋಡಿ ಹಳಿ ಕೆಲಸ ಪೂರ್ತಿಯಾಗುವವರೆಗೆ ಒಂಟಿ ಹಳಿ ಇರುವ ಕಡೆ ಎದುರು ಗಾಡಿಗೆ ದಾರಿ ಬಿಡಲು ಮೆಮುವನ್ನೇ ಪಕ್ಕಕ್ಕೆ ಹಾಕುತ್ತಾರೆ. ಆದ್ದರಿಂದ ವೇಳಾಪಟ್ಟಿಯಲ್ಲಿ ಹತ್ತಿಪ್ಪತ್ತು ನಿಮಿಷ ಸಡಿಲ ಬಿಟ್ಟೇ ಬರೆಯಲಿ. ಮಂಡ್ಯವನ್ನು 5 ಗಂಟೆಯ ಆಸುಪಾಸಿನಲ್ಲಿ ಬಿಟ್ಟು 8ಕ್ಕೆ ಹೊಸೂರು ಸೇರಿದರೆ ಕಾರ್ಖಾನೆಗಳ ಜನರಲ್ ಶಿಫ್ಟ್‌ಗೆ ಹೊಂದುತ್ತದೆ. ಬೆಳಗಿನ ಮೊದಲ ಶಿಫ್ಟ್‌ನವರಿಗೆ ಯಾವ ರೈಲೂ ಆಗಿಬರದು, ಆ ಭರವಸೆ ಯಾರಿಗೂ ಕೊಡುವುದು ಬೇಡ. ಸಂಜೆ ಹೊಸೂರು ಬಿಡುವುದು 6ಕ್ಕಿಂತ ಮುಂಚೆ ಬೇಡ.

ಇನ್ನೊಂದು ಸಣ್ಣ ವಿಷಯ, ನಮ್ಮ ಮಟ್ಟಿಗೆ ದೊಡ್ಡದೇ. ಮಾಸಿಕ ಸೀಸನ್ ಟಿಕೆಟ್ 150 ಕಿ.ಮೀ.ವರೆಗೆ ಮಾತ್ರ. ಮದ್ದೂರಿನಿಂದ ಹೊಸೂರು ಅದರೊಳಗೆ ಬರುತ್ತದೆ, ಮೈಸೂರಿನಿಂದ ಬರುವುದಿಲ್ಲ, ಮಂಡ್ಯ ಸರಿಯಾಗಿ ಅಂಚಿನಲ್ಲಿ ಸಿಕ್ಕಿಕೊಂಡಿದೆ. ಒಂದೆರಡು ಕಿ.ಮೀ. ನೆಪದಲ್ಲಿ ಮಂಡ್ಯದ ಕೌಂಟರಿನಲ್ಲಿ ಪಾಸ್ ನಿರಾಕರಿಸದಂತೆ ವಿಭಾಗೀಯ ವ್ಯವಸ್ಥಾಪಕರಿಂದ ಲಿಖಿತ ಆದೇಶ ಕೊಡಿಸಿ. ಗಾಡಿಯನ್ನು ಮೊದಲ ಆರು ತಿಂಗಳು ಭಾನುವಾರ ಬಿಟ್ಟು ಪ್ರಾಯೋಗಿಕವಾಗಿ ಓಡಿಸಿದರೂ ನಮ್ಮ ಅಭ್ಯಂತರವಿಲ್ಲ.

ಇಂತಿ,
ಮಂಡ್ಯ, ಮದ್ದೂರು ಭಾಗದ ರೈಲು ಪ್ರಯಾಣಿಕರು