ಪ್ರಾಸ ಮರೆತ ಹುಡುಗ ಮತ್ತು ನಾವಿಬ್ಬರು

ಪ್ರಿಯ ಮಹಾಕವಿಗೆ,

ಹೌದು, ಹೋಗಿಯೇ ಬಂದೆ. ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಹಿಪ್‌ಹಾಪ್ ಸಂಜೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎಂದು ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಗೇಟಿನಲ್ಲಿ ನಿಂತಿದ್ದ ಸ್ವಯಂಸೇವಕಿ, “ಸರ್, ಅಧ್ಯಾಪಕರಿಗೆ ಮುಂದಿನ ಸಾಲಿನಲ್ಲಿ ಕುರ್ಚಿಗಳಿವೆ” ಎಂದಳು. ನಾನು ತಿದ್ದಲು ಹೋಗಲಿಲ್ಲ. ಕೊಡೆ ಪ್ರಕರಣದ ನಂತರ, ತಾನಾಗಿ ಬಂದ ಗೌರವವನ್ನು ಬೇಡವೆನ್ನುವ ಅಭ್ಯಾಸ ನನಗೆ ತಪ್ಪಿಹೋಗಿದೆ ಎಂಬುದು ನಿನಗೆ ಗೊತ್ತೇ ಇದೆ.

ಕುರ್ಚಿಗಳಿದ್ದದ್ದು ಮಾತ್ರ ಸರಿಯಾಗಿ ಸಬ್‌ವೂಫರ್‌ಗಳ ಎದುರು. ಆ ಮಂದ್ರ ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳಿಸುತ್ತದೆ. ಇಂಥ ಕಡೆ ಸರಾಸರಿ ಶಬ್ದ 100 ಡೆಸಿಬಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಾನು ಜೇಬಿನಿಂದ ಇಯರ್‌ಪ್ಲಗ್ ತೆಗೆದು ತುರುಕಿಕೊಂಡಾಗ ಪಕ್ಕದಲ್ಲಿದ್ದ ಅಸಲಿ ಅಧ್ಯಾಪಕರು ಆಸೆಗಣ್ಣಿನಿಂದ ನೋಡಿದರು.

ಮುಖ್ಯ ಕಲಾವಿದನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎಲ್ಲವೂ ಅಚ್ಚುಕಟ್ಟು, ಅರ್ಧ ಸಾಲುಗಳನ್ನು ಧ್ವನಿಮುದ್ರಣವೇ ಹಾಡಿ ಮುಗಿಸುತ್ತಿತ್ತು. ತಲೆಯಿಂದ ಇಳಿಯದೆ ಕುಳಿತಿರುವವನು ಅವನಿಗಿಂತ ಮೊದಲು ವೇದಿಕೆಗೆ ಬಂದ ಒಬ್ಬ ಸಣಕಲು ವಿದ್ಯಾರ್ಥಿ. ಮೊದಲ ಭಾಗವನ್ನು ಸೊಗಸಾಗಿಯೇ ಹೇಳಿದ. ಒಳಪ್ರಾಸವೂ ಬೇಕು, ಅಂತ್ಯಪ್ರಾಸವೂ ಬೇಕು, ಉಸಿರಿಗೆ ಮಾತ್ರ ಜಾಗವಿಲ್ಲ; ಹೊಸಬರ ದುರಾಸೆ. ಎರಡನೆಯ ಭಾಗದ ನಡುವೆ ಮಾತು ನಿಂತುಹೋಯಿತು. ಮರೆತಿದ್ದ. ಶೂ ಒಳಗೆ ನನ್ನ ಕಾಲ್ಬೆರಳುಗಳು ಮುದುಡಿಕೊಂಡವು.

ಹಾಸ್ಟೆಲ್ ತಾರಸಿಯಲ್ಲಿ ಯಾರಾದರೂ ಕೈಗೆ ಸಿಕ್ಕರೆ ಸಾಕು, ಹಿಪ್‌ಹಾಪ್ ಹುಟ್ಟಿದ ಕಥೆಯ ನಿನ್ನ ಉಪನ್ಯಾಸ ಶುರುವಾಗುತ್ತಿತ್ತಲ್ಲ: 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, ಶಾಲೆಗೆ ಹೊಸ ಬಟ್ಟೆ ಕೊಳ್ಳುವ ಹಣಕ್ಕಾಗಿ ಸಿಂಡಿ ಕ್ಯಾಂಪ್‌ಬೆಲ್ ಏರ್ಪಡಿಸಿದ ಪಾರ್ಟಿ, ಅಲ್ಲಿ ಸಂಗೀತಕ್ಕೆ ನಿಂತ ಅವಳ ಅಣ್ಣ ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಬರಿಯ ತಾಳ ಉಳಿಯುವ ಆ ಚಿಕ್ಕ ತುಣುಕಿಗಾಗಿಯೇ ಕುಣಿಯುವವರು ಕಾಯುತ್ತಾರೆಂದು ಕಂಡುಕೊಂಡವನು ಅವನು. ಒಂದೇ ಗ್ರಾಮಫೋನ್ ತಟ್ಟೆಯ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರುಮಾಡಿ, ಅದನ್ನು ಬೇಕಾದಷ್ಟು ಉದ್ದಕ್ಕೆ ಎಳೆದ. ನಾನು ಅದನ್ನು ಕೈಚಳಕವೆಂದುಕೊಂಡು ಆಕಳಿಸುತ್ತಿದ್ದೆ.

ಡಿಜೆ ಹುಡುಗಿ ಮಾಡಿದ್ದೂ ಅದನ್ನೇ. ಹಾಡು ನಿಲ್ಲಿಸಲಿಲ್ಲ, ತಲೆಯೆತ್ತಿ ಅವನತ್ತ ನೋಡಲೂ ಇಲ್ಲ. ಅದೇ ನಾಲ್ಕು ಬಾರ್‌ಗಳನ್ನು, ಅಂದರೆ ತಾಳದ ನಾಲ್ಕು ಆವರ್ತಗಳನ್ನು, ಸುತ್ತಿಸುತ್ತಲೇ ಹೋದಳು. ಹಿಂದಿದ್ದವರು ಚಪ್ಪಾಳೆಯಲ್ಲಿ ಲಯ ಹಿಡಿದರು. ಹುಡುಗ ನಕ್ಕ, ಮರೆತದ್ದಕ್ಕೇ ಒಂದು ಪ್ರಾಸ ಕಟ್ಟಿದ, ಮುಂದಿನ ಸುತ್ತಿಗೆ ಒಳಹೊಕ್ಕ. ಇಡೀ ಸಂಜೆಯ ದೊಡ್ಡ ಕೂಗು ಎದ್ದದ್ದು ಆಗ.

ನನಗೆ ಕೂಗಲಾಗಲಿಲ್ಲ. ಹೊಟ್ಟೆಕಿಚ್ಚಾಯಿತು, ಅದೂ ಆ ಮೀಸೆ ಮೂಡದವನ ಮೇಲೆ. ನಾನು ಈಗಲೂ ಬರೆಯುತ್ತೇನೆ, ಗೊತ್ತೇ? ಮೊಬೈಲಿನಲ್ಲಿ, ‘ದಿನಸಿ ಪಟ್ಟಿ’ ಎಂಬ ಹೆಸರಿನಡಿ. ಯಾರಿಗೂ ತೋರಿಸಿಲ್ಲ. ಇನ್ನೊಂದೂ ಇದೆ. ಬರೆಯುವುದನ್ನು ಬಿಟ್ಟೆ ಎಂದು ನೀನು ಹೇಳಿದಾಗ ನಾನು “ಛೇ” ಎಂದೆನಲ್ಲ, ಆಗ ಒಳಗೊಳಗೇ ಹಾಯೆನಿಸಿತ್ತು. ನೀನು ವೇದಿಕೆಯ ಮೇಲಿದ್ದಷ್ಟು ಕಾಲ ಕೆಳಗೆ ಕುಳಿತ ನಾನು ಪುಕ್ಕಲನಾಗಿದ್ದೆ. ನೀನೂ ಇಳಿದುಬಂದ ಮೇಲೆ ಇಬ್ಬರೂ ಜವಾಬ್ದಾರಿಯುತ ಮನುಷ್ಯರಾದೆವು. ನಿನಗಾಗಿ ಯಾರೂ ಆ ನಾಲ್ಕು ಬಾರ್ ಸುತ್ತಿಸಲಿಲ್ಲ. ನಾನು ಪಕ್ಕದಲ್ಲೇ ಇದ್ದೆ.

ಇಷ್ಟೆಲ್ಲ ಹೇಳುವ ಉದ್ದೇಶವಿರಲಿಲ್ಲ ಮಾರಾಯ. ಇಯರ್‌ಪ್ಲಗ್‌ನ ಮಹಿಮೆ ಬರೆಯಲು ಕುಳಿತವನು ನಾನು. ಇದನ್ನು ಇಣುಕಿ ಓದುತ್ತಿರುವ ಉಳಿದ ಮಹನೀಯರು ಮೇಲಿನ ಪ್ಯಾರಾವನ್ನು ಕವಿಸಮಯವೆಂದು ಭಾವಿಸಿ ಮುಂದೆ ಹೋಗಬೇಕಾಗಿ ವಿನಂತಿ.

ಕೊನೆಯ ಹಾಡಿಗೆ ಎಲ್ಲರೂ ಜಿಗಿಯಬೇಕೆಂದು ವೇದಿಕೆಯಿಂದ ಅಪ್ಪಣೆಯಾಯಿತು. ಜಿಗಿದೆ. ಮೊಣಕಾಲು ಇನ್ನೂ ನನ್ನೊಡನೆ ಮಾತು ಬಿಟ್ಟಿದೆ. ಹೊರಡುವಾಗ ಪಕ್ಕದ ಅಧ್ಯಾಪಕರು, “ತಮ್ಮದು ಯಾವ ವಿಭಾಗ?” ಎಂದು ಕೇಳಿದರು. “ಛಂದಸ್ಸು” ಎಂದೆ. ಅವರು ಗಂಭೀರವಾಗಿ ತಲೆದೂಗಿ, “ಅಲ್ಲಿ ಹುದ್ದೆಗಳು ಖಾಲಿ ಇವೆಯಂತಲ್ಲ” ಎಂದರು. ನಿನ್ನ ಬಯೋಡೇಟಾ ಕಳುಹಿಸು. ಮೂರನೇ ಬೆಂಚಿನ ವಿಷಯ ಅದರಲ್ಲಿ ಬೇಡ.

ಇಂತಿ,
ನಿನ್ನ ನಕಲಿ ಅಧ್ಯಾಪಕ